ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ಸ್ಮಶಾನಗಳು: ಗೋರಿ ಓದುವ, ದೆವ್ವದ ಕತೆ ಸೋಸುವ ಕ್ರಮ

ವರ್ಜೀನಿಯಾದಿಂದ ಲೂಸಿಯಾನಾವರೆಗಿನ ದಕ್ಷಿಣ ರಾಜ್ಯಗಳಲ್ಲಿ ಹೆಸರುವಾಸಿಯಾದ ಹಳೆಯ ಸ್ಮಶಾನ ಯಾವುದೇ ಇರಲಿ, ಅದರ ಬೆನ್ನಿಗೆ ಒಂದಾದರೂ ದೆವ್ವದ ಕತೆ ಇರುತ್ತದೆ. ಸವಾನಾ, ಚಾರ್ಲ್‌ಸ್ಟನ್, ನ್ಯೂ ಆರ್ಲಿಯನ್ಸ್‌ಗಳಲ್ಲಿ ರಾತ್ರಿ ಹೊತ್ತು ಪ್ರವಾಸಿಗರನ್ನು ಸುತ್ತಿಸಿ ಕತೆ ಹೇಳುವುದು ಒಂದು ಕಸುಬೇ ಆಗಿದೆ. ಅಟ್ಲಾಂಟಾ, ಶಾರ್ಲೆಟ್, ಹ್ಯೂಸ್ಟನ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇವುಗಳಲ್ಲಿ ಯಾವುದಾದರೊಂದು ವಾರಾಂತ್ಯಕ್ಕೆ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿದೆ. ಹೋಗುವವರಿಗೆ ನಾವು ಹೇಳುವ ಕ್ರಮ ಇಷ್ಟು: ಮೊದಲು ಹಗಲಿನಲ್ಲಿ ಗೋರಿ ಓದಿ, ಆಮೇಲೆ ಕತೆ ಕೇಳಿ. ಕತೆ ಮೊದಲು ಕಿವಿಗೆ ಬಿದ್ದರೆ ಕಲ್ಲಿನ ಮೇಲೆ ಬರೆದದ್ದು ಕಣ್ಣಿಗೆ ಬೀಳುವುದಿಲ್ಲ. ದೆವ್ವದ ಕತೆಗಳೆಲ್ಲ ಹೆಸರು ಕೆತ್ತಿಸಿಕೊಂಡವರ ಸುತ್ತಲೇ ಬೆಳೆದಿವೆ, ಅದೇ ಮಣ್ಣಿನಲ್ಲಿ ಕಲ್ಲೂ ಇಲ್ಲದೆ ಮಲಗಿರುವ ಸಾವಿರಾರು ಜನರ ಕಡೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದೂ ಹಗಲಿನಲ್ಲಿ ನಡೆದು ನೋಡಿದರೇ ಅರ್ಥವಾಗುವುದು.

ಯಾವ ಬಗೆಯ ಸ್ಮಶಾನ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಒಳಗೆ ಹೋಗುವ ನಿಯಮ, ನೋಡಬೇಕಾದ ಗುರುತು, ಎಚ್ಚರ ಎಲ್ಲವೂ ಸ್ಮಶಾನದ ಬಗೆಯ ಮೇಲೆ ಬದಲಾಗುತ್ತವೆ. ಚರ್ಚಿನ ಅಂಗಳದ ಗೋರಿಗಳು ಸಾಮಾನ್ಯವಾಗಿ ಹಳೆಯವು. ಚಾರ್ಲ್‌ಸ್ಟನ್‌ನ ಸರ್ಕ್ಯುಲರ್ ಚರ್ಚಿನ ಅಂಗಳದಲ್ಲಿ 1700ರ ದಶಕಗಳ ಕರಿ ಸ್ಲೇಟು ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಇಂಥ ಅಂಗಳಗಳು ತುಂಬಿ, ಹಳದಿ ಜ್ವರದ ಭಯವೂ ಸೇರಿದ ಮೇಲೆ, 1840ರ ದಶಕದಿಂದ ಊರ ಹೊರಗೆ ತೋಟದಂಥ ದೊಡ್ಡ ಸ್ಮಶಾನಗಳು ಹುಟ್ಟಿಕೊಂಡವು. ರಿಚ್ಮಂಡ್‌ನ ಹಾಲಿವುಡ್, ಸವಾನಾದ ಬೊನಾವೆಂಚರ್, ಅಟ್ಲಾಂಟಾದಲ್ಲಿ 1850ರಲ್ಲಿ ಶುರುವಾದ ಓಕ್‌ಲ್ಯಾಂಡ್ ಈ ಬಗೆಯವು. ಗೇಟಿನಲ್ಲಿ ಬರೆದ ವೇಳೆಯಲ್ಲಿ ಯಾರು ಬೇಕಾದರೂ ಹೋಗಬಹುದು. ಕತ್ತಲಾದ ಮೇಲೆ ಒಳಗಿದ್ದರೆ ಅದು ಅತಿಕ್ರಮ ಪ್ರವೇಶ.

ನ್ಯೂ ಆರ್ಲಿಯನ್ಸ್‌ನ ಸೇಂಟ್ ಲೂಯಿಸ್ ನಂ. 1ರದು ಬೇರೆಯೇ ದಾರಿ. 1789ರಲ್ಲಿ ತೆರೆದ ಈ ಸ್ಮಶಾನಕ್ಕೆ 2015ರಿಂದ ಅನುಮತಿ ಪಡೆದ ಮಾರ್ಗದರ್ಶಿಯ ಜೊತೆಗೆ ಮಾತ್ರ ಪ್ರವೇಶ, ಅಥವಾ ಅಲ್ಲಿ ಗೋರಿ ಇರುವ ಕುಟುಂಬದವರಾಗಿರಬೇಕು. ಹಾಗಾಗಿ ಊರಿಗೆ ಹೊರಡುವ ಮೊದಲೇ ಟಿಕೆಟು ತೆಗೆದಿಟ್ಟುಕೊಳ್ಳಿ. ಗೇಟಿನ ಹತ್ತಿರ ನಿಂತು "ನಾನು ಕರೆದುಕೊಂಡು ಹೋಗುತ್ತೇನೆ" ಎನ್ನುವವರನ್ನು ನಂಬಬೇಡಿ.

ಹೊಲ, ಕಾಡುಗಳ ನಡುವೆ ಇರುವ ಕುಟುಂಬದ ಗೋರಿಗಳು, ಗುಲಾಮರಾಗಿದ್ದವರನ್ನು ಹೂಳುತ್ತಿದ್ದ ತಾಣಗಳು ಖಾಸಗಿ ಜಮೀನಿನಲ್ಲಿರುವುದೇ ಹೆಚ್ಚು. ವಂಶಸ್ಥರಿಗೆ ಭೇಟಿಯ ಹಕ್ಕನ್ನು ಹಲವು ದಕ್ಷಿಣ ರಾಜ್ಯಗಳ ಕಾನೂನು ಕೊಟ್ಟಿದೆ. ನಿಮಗೆ ಆ ಹಕ್ಕಿಲ್ಲ. ಜಮೀನಿನವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆದು ಹೋಗಿ, ಮೆಸೇಜು ಆದರೂ ಸಾಕು.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಸೆಕೆ ತಾಳಲಾಗದು, ಹುಲ್ಲು ಬೆಳೆದು ಚಿಕ್ಕ ಕಲ್ಲುಗಳು ಮುಚ್ಚಿಹೋಗಿರುತ್ತವೆ, ಉಣ್ಣಿ ಮತ್ತು ಹಾವಿನ ಕಾಟವೂ ಇರುತ್ತದೆ. ಆದರೆ ಚಳಿಗಾಲವೇ ಬೇಟೆಯ ಕಾಲ, ಹಾಗಾಗಿ ಕಾಡಿನ ನಡುವಿನ ಗೋರಿಗಳಿಗೆ ಹೋಗುವವರು ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಲೇಬೇಕು. ಉದ್ದ ಪ್ಯಾಂಟು, ಮುಚ್ಚಿದ ಬೂಟು ಇರಲಿ. ಹುಲ್ಲಿನಲ್ಲಿ ಸಡಿಲ ಮಣ್ಣಿನ ಗುಪ್ಪೆ ಕಂಡರೆ ಅದರ ಮೇಲೆ ನಿಲ್ಲಬೇಡಿ, ಅದು ಬೆಂಕಿ ಇರುವೆಯ ಗೂಡು. ಮೂರು ಮೂರು ಎಲೆಯ ಬಳ್ಳಿ ಮರಕ್ಕೋ ಕಲ್ಲಿಗೋ ಹಬ್ಬಿದ್ದರೆ ಮುಟ್ಟಬೇಡಿ. ಪಾಯ್ಸನ್ ಐವಿಯ ತುರಿಕೆ ವಾರಗಟ್ಟಲೆ ಇರುತ್ತದೆ. ಓಕ್ ಮರದಿಂದ ಜಡೆಯಂತೆ ಇಳಿಬಿದ್ದ ಸ್ಪ್ಯಾನಿಷ್ ಮಾಸ್ ಅನಾನಸಿನ ಕುಟುಂಬದ ಗಿಡ. ಅದು ಮರದ ರಸ ಹೀರುವುದಿಲ್ಲ. ನೆಲಕ್ಕೆ ಬಿದ್ದದ್ದನ್ನು ಮಾತ್ರ ಎತ್ತಿಕೊಳ್ಳಬೇಡಿ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಸೇರಿಕೊಂಡಿರುತ್ತವೆ.

ಚೀಲದಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು, ಅಳತೆ ಟೇಪು, ದಿಕ್ಸೂಚಿ, ಸಣ್ಣ ಟಾರ್ಚು, ಕುಡಿಯುವ ನೀರು, ಒಂದು ಕನ್ನಡಿ. ಕನ್ನಡಿ ಸುಮಾರು 30 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದ ಇದ್ದರೆ ಅನುಕೂಲ. ಅದರ ಬಳಕೆ ಮುಂದೆ ಬರುತ್ತದೆ.

ನೆಲ ಓದುವುದು

ಒಳಗೆ ಹೋದವರು ಮೊದಲು ದಿಕ್ಸೂಚಿ ತೆಗೆಯಿರಿ. ಕ್ರೈಸ್ತ ನಂಬಿಕೆಯಂತೆ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕೊನೆಯ ದಿನ ಸತ್ತವರು ಎದ್ದು ಕೂತಾಗ ಮುಖ ಮೂಡಣಕ್ಕೆ ಇರಬೇಕೆಂದು. ತೋಟದಂಥ ಸ್ಮಶಾನಗಳಲ್ಲಿ ವಕ್ರ ದಾರಿಗಳಿಗೆ ತಕ್ಕಂತೆ ಗೋರಿಗಳು ತಿರುಗಿರುತ್ತವೆ, ಅಲ್ಲಿ ಈ ನಿಯಮ ಹುಡುಕಬೇಡಿ. ಹಳ್ಳಿಯ ಸ್ಮಶಾನದಲ್ಲಿ ಒಂದೇ ಗೋರಿ ಉತ್ತರ-ದಕ್ಷಿಣ ಇದ್ದರೆ "ಅದು ಆತ್ಮಹತ್ಯೆ ಮಾಡಿಕೊಂಡವರದು, ಮಾಟಗಾತಿಯದು" ಎಂಬ ಮಾತು ಕೂಡಲೇ ಬರುತ್ತದೆ. ಬಂಡೆ, ಬೇರು, ಬೇಲಿ ಅಡ್ಡ ಬಂದಿದ್ದಕ್ಕೂ ಹಾಗೆ ತಿರುಗಿಸಿರಬಹುದು. ಸುತ್ತ ನೋಡಿ ಆಮೇಲೆ ನಂಬಿ.

ಉದ್ದಕ್ಕೆ ತಗ್ಗಿದ ನೆಲ ಕಂಡರೆ ಅದರ ಮೇಲೆ ಕಾಲಿಡಬೇಡಿ. ಮರದ ಶವಪೆಟ್ಟಿಗೆ ಕೊಳೆತು ಕುಸಿದಾಗ ಮೇಲಿನ ಮಣ್ಣು ಇಳಿದು ಆ ತಗ್ಗು ಆಗುತ್ತದೆ. ಒಂದೂವರೆಯಿಂದ ಎರಡು ಮೀಟರ್ ಉದ್ದದ ತಗ್ಗುಗಳು ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಇದ್ದರೆ, ಕಲ್ಲು ಇಲ್ಲದಿದ್ದರೂ ಅವು ಗೋರಿಗಳೇ ಇರಬಹುದು. ಕಾಡಿನ ನಡುವೆ ವಿಂಕಾ ಬಳ್ಳಿ ಹಾಸಿಕೊಂಡಿದ್ದರೆ, ಡ್ಯಾಫೊಡಿಲ್ ಹೂವು ಸಾಲಾಗಿ ಎದ್ದರೆ, ಯುಕ್ಕಾ ಗಿಡ ಅಥವಾ ಸೀಡರ್ ಮರ ಒಂಟಿಯಾಗಿ ನಿಂತಿದ್ದರೆ ಅಲ್ಲಿ ಜನ ಯಾರನ್ನೋ ಮಣ್ಣು ಮಾಡಿದ ಸಾಧ್ಯತೆ ಹೆಚ್ಚು. ಕೆತ್ತನೆಯಿಲ್ಲದ ಹೊಲದ ಕಲ್ಲು ತಲೆಗೊಂದು, ಕಾಲಿಗೊಂದು ನೆಟ್ಟಿದ್ದರೆ ಅದೂ ಗೋರಿಯೇ. ಆ ಕಲ್ಲನ್ನು ಒಂದು ಗೇಣೂ ಸರಿಸಬಾರದು, ಜಾಗದ ಗುರುತು ಅದೊಂದೇ.

ಕಲ್ಲು ಓದುವುದು

ಕಲ್ಲಿನ ಜಾತಿ ಕಾಲವನ್ನು ಹೇಳುತ್ತದೆ. ಚಾರ್ಲ್‌ಸ್ಟನ್, ಸವಾನಾದ ಕರಾವಳಿ ಬರೀ ಮರಳು, ಜೌಗು. ಅಲ್ಲಿ ಕಲ್ಲೇ ಸಿಗುವುದಿಲ್ಲ. 18ನೆಯ ಶತಮಾನದಲ್ಲಿ ದುಡ್ಡಿದ್ದವರು ನ್ಯೂ ಇಂಗ್ಲೆಂಡಿನಿಂದ ಕೆತ್ತಿದ ಸ್ಲೇಟು ಕಲ್ಲನ್ನು ಹಡಗಿನಲ್ಲಿ ತರಿಸುತ್ತಿದ್ದರು. ರೆಕ್ಕೆಯಿರುವ ತಲೆಬುರುಡೆ ಕಂಡರೆ ಅಂಥದ್ದು. ಬಡವರು, ಗುಲಾಮರು ಮರದ ಹಲಗೆ ನೆಟ್ಟರು, ಅದು ಕೊಳೆತುಹೋಯಿತು. ಕರಾವಳಿಯಲ್ಲಿ ಹೆಸರಿಲ್ಲದ ಗೋರಿ ಅಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ. 19ನೆಯ ಶತಮಾನದಲ್ಲಿ ಬಿಳಿ ಅಮೃತಶಿಲೆ ಎಲ್ಲೆಡೆ ಬಂತು, ಅದರ ಮೇಲೆ ಬಾಗಿದ ವಿಲೋ ಮರ, ಕಲಶ, ಮಕ್ಕಳ ಗೋರಿಗೆ ಕುರಿಮರಿ. ನೀಲಿ ಬೂದು ಬಣ್ಣದ, ಅಕ್ಷರ ಇನ್ನೂ ಹರಿತವಾಗಿರುವ ಸ್ಮಾರಕ ಕಂಡರೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಸತುವಿನ ಎರಕ, 1870ರ ದಶಕದಿಂದ 1914ರ ನಡುವಿನದು. ಕಡಿದ ಮರದ ಬೊಡ್ಡೆಯ ಆಕಾರದ ಕಲ್ಲು ಹಲವು ಸಲ 1890ರಲ್ಲಿ ಶುರುವಾದ ವುಡ್‌ಮೆನ್ ಆಫ್ ದ ವರ್ಲ್ಡ್ ಎಂಬ ವಿಮಾ ಸಂಘದ ಸದಸ್ಯರದು. ಬೊಡ್ಡೆಯನ್ನು ಕಂಡು "ಮರ ಬಿದ್ದು ಸತ್ತವನು" ಎಂದು ಕತೆ ಕಟ್ಟುವವರಿದ್ದಾರೆ, ಅಲ್ಲಿರುವ ಸಂಘದ ಮುದ್ರೆ ನೋಡಿದರೆ ಕತೆ ಮುಗಿಯುತ್ತದೆ. ಸರ್ಕಾರ ಕೊಟ್ಟ ಸೈನಿಕರ ಕಲ್ಲುಗಳಲ್ಲಿ ತುದಿ ಚೂಪಾಗಿದ್ದರೆ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷದಲ್ಲಿದ್ದವರು, ದುಂಡಗಿದ್ದರೆ ಒಕ್ಕೂಟದ ಪಕ್ಷದವರು.

ಪದಗಳನ್ನೂ ಗಮನಿಸಿ. ಹೆಂಗಸಿನ ಗೋರಿಯಲ್ಲಿ "ಕಾನ್ಸರ್ಟ್ ಆಫ್" ಎಂದಿದ್ದರೆ ಅವಳು ಸಾಯುವಾಗ ಗಂಡ ಬದುಕಿದ್ದ, "ರೆಲಿಕ್ಟ್ ಆಫ್" ಎಂದಿದ್ದರೆ ಅವಳು ವಿಧವೆ. ಹುಟ್ಟಿದ ದಿನ ಬರೆಯದೆ ಸತ್ತ ದಿನ ಮತ್ತು ವಯಸ್ಸನ್ನು ಮಾತ್ರ ಕೊಡುವುದು ಹಳೆಯ ರೂಢಿ. ಲೆಕ್ಕ ಹೀಗೆ: 1854ರ ಮಾರ್ಚ್ 10ರಂದು ಸಾವು, ವಯಸ್ಸು 32 ವರ್ಷ 4 ತಿಂಗಳು 20 ದಿನ ಎಂದಿದ್ದರೆ ಮೊದಲು ವರ್ಷ ಕಳೆಯಿರಿ, 1822ರ ಮಾರ್ಚ್ 10. ಆಮೇಲೆ ತಿಂಗಳು, 1821ರ ನವೆಂಬರ್ 10. ಕೊನೆಗೆ ದಿನ, 1821ರ ಅಕ್ಟೋಬರ್ 21. ಕ್ರಮ ತಪ್ಪಿಸಿ ದಿನದಿಂದ ಶುರುಮಾಡಿದರೆ ಉತ್ತರ ಒಂದೆರಡು ದಿನ ಆಚೀಚೆ ಆಗಬಹುದು.

ಸವೆದ ಅಕ್ಷರ ಓದಲು ಬೆಳಕು ಸಾಕು. ಕಲ್ಲಿನ ಪಕ್ಕದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೈ ಸವರಿಕೊಂಡು ಹೋಗುವಂತೆ, ಬಹಳ ಓರೆಯಾಗಿ, ತಿರುಗಿಸಿ. ಪ್ರತಿ ಕೆತ್ತನೆಯ ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಮೋಡವಿದ್ದರೆ ಕಲ್ಲಿಗೆ ಬಟ್ಟೆ ಮರೆ ಮಾಡಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಬೆಳಕು ಎದುರಿನಿಂದ ಬಿದ್ದರೆ ಏನೂ ಕಾಣದು, ಹೆಚ್ಚಿನವರ ಫೋಟೋ ಕೆಡುವುದು ಇದರಿಂದಲೇ. ಕಾಗದ ಇಟ್ಟು ಬಣ್ಣ ಉಜ್ಜುವುದು, ಸೀಮೆಸುಣ್ಣ, ಮೈದಾ ಹಿಟ್ಟು, ಕ್ಷೌರದ ನೊರೆ ಇವು ಯಾವುದೂ ಬೇಡ. ಉಜ್ಜುವ ಒತ್ತಡಕ್ಕೆ ಸಡಿಲವಾದ ಪದರ ಕಿತ್ತುಬರುತ್ತದೆ, ಹಿಟ್ಟು ಕಲ್ಲಿನ ರಂಧ್ರದಲ್ಲಿ ಕೂತು ಬೂಷ್ಟು ಬೆಳೆಸುತ್ತದೆ, ನೊರೆಯಲ್ಲಿರುವ ಆಮ್ಲ ಅಮೃತಶಿಲೆಯನ್ನು ತಿನ್ನುತ್ತದೆ.

ನ್ಯೂ ಆರ್ಲಿಯನ್ಸ್: ನೆಲದ ಮೇಲಿನ ಗೋರಿ ಹೇಗೆ ಕೆಲಸ ಮಾಡುತ್ತದೆ

ಇಲ್ಲಿ ಸತ್ತವರಿಗೆ ಸಾಲು ಮನೆ ಕಟ್ಟಿದಂತೆ ಕಾಣುತ್ತದೆ. ಕೆಳಗೆ ನೀರು ಎಂಬುದು ಒಂದು ಕಾರಣ, ಅಗೆದಷ್ಟೂ ಹೊಂಡ ತುಂಬುತ್ತಿತ್ತು. ಜೊತೆಗೆ ಊರನ್ನು ಆಳಿದ ಫ್ರೆಂಚರು, ಸ್ಪೇನಿನವರು ಇಂಥ ಗೋರಿ ಕಟ್ಟುವ ರೂಢಿಯನ್ನು ತಮ್ಮ ದೇಶಗಳಿಂದಲೇ ತಂದಿದ್ದರು. ಪ್ರವಾಸದಲ್ಲಿ ಮೊದಲನೆಯ ಕಾರಣವನ್ನಷ್ಟೇ ಹೇಳುತ್ತಾರೆ.

ಶವಪೆಟ್ಟಿಗೆಯನ್ನು ಇಟ್ಟಿಗೆಯ ಗೂಡಿನೊಳಗೆ ತಳ್ಳಿ, ಬಾಯಿಗೆ ಇಟ್ಟಿಗೆ ಕಟ್ಟಿ, ಗಾರೆ ಮೆತ್ತಿ, ಮುಂದೆ ಅಮೃತಶಿಲೆಯ ಫಲಕ ಕೂರಿಸುತ್ತಾರೆ. ಬೇಸಿಗೆಯ ಬಿಸಿಲಿಗೆ ಒಳಗೆ ಬಹಳ ಶಾಖ ಏರಿ ದೇಹ ಬೇಗ ಕರಗುತ್ತದೆ. ಒಂದು ವರ್ಷ ಒಂದು ದಿನ ಕಳೆಯದೆ ಗೂಡನ್ನು ಮತ್ತೆ ತೆರೆಯಬಾರದೆಂಬುದು ರೂಢಿ. ಕುಟುಂಬದಲ್ಲಿ ಮತ್ತೊಂದು ಸಾವಾದರೆ ತೆರೆದು, ಹಳೆಯ ಪೆಟ್ಟಿಗೆಯ ಚೂರು ತೆಗೆದು, ಎಲುಬುಗಳನ್ನು ಹಿಂದಕ್ಕೆ ಸರಿಸುತ್ತಾರೆ ಅಥವಾ ಅಡಿಯಲ್ಲಿರುವ ಗುಂಡಿಗೆ ಬೀಳಿಸುತ್ತಾರೆ. ಹಾಗಾಗಿ ಒಂದೇ ಗೂಡಿನಲ್ಲಿ ಹಲವು ತಲೆಮಾರು ಒಟ್ಟಿಗೆ ಇರುತ್ತದೆ. ಫಲಕದಲ್ಲಿರುವ ಹೆಸರುಗಳು ಒಳಗಿರುವವರಿಗಿಂತ ಕಡಿಮೆ ಇರಬಹುದು, ಎಣಿಸುವಾಗ ಇದು ನೆನಪಿರಲಿ. ಹಳದಿ ಜ್ವರದ ವರ್ಷಗಳಲ್ಲಿ ಒಂದರ ಹಿಂದೊಂದು ಸಾವಾಗಿ ಗೂಡು ತೆರೆಯುವ ಅವಧಿ ಬಾರದಿದ್ದರೆ, ಗೋಡೆಯೊಳಗಿನ ಬಾಡಿಗೆ ಗೂಡಿನಲ್ಲಿ ಹೆಣವನ್ನು ತಾತ್ಕಾಲಿಕವಾಗಿ ಇಡುತ್ತಿದ್ದರು.

ಈ ಗೋರಿಗಳ ಇಟ್ಟಿಗೆ ಮೆದು, ಅದರ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ಬಳಿತ. ನವೆಂಬರ್ 1ರ ಸರ್ವಸಂತರ ದಿನಕ್ಕೆ ಮೊದಲು ಕುಟುಂಬದವರು ಬಂದು ತೊಳೆದು, ಸುಣ್ಣ ಬಳಿದು, ಸೇವಂತಿಗೆ ಇಡುವುದು ಹಳೆಯ ಪದ್ಧತಿ. ಸುಣ್ಣ ಉಸಿರಾಡುತ್ತದೆ, ಒಳಗೆ ಏರಿದ ತೇವ ಹೊರಗೆ ಹೋಗುತ್ತದೆ. ಅದರ ಮೇಲೆ ಸಿಮೆಂಟು ಅಥವಾ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. 2013ರ ಡಿಸೆಂಬರಿನಲ್ಲಿ, ವೂಡೂ ಎಂಬ ಆಫ್ರಿಕ ಮೂಲದ ನಂಬಿಕೆಯ ನಾಯಕಿ ಮರೀ ಲವೋ ಗೋರಿಗೆ ಯಾರೋ ಗುಲಾಬಿ ಬಣ್ಣ ಬಳಿದುಹೋದಾಗ ಆದದ್ದು ಇದೇ ಅಪಾಯ. ಅದನ್ನು ತೆಗೆದು ಗೋರಿಯನ್ನು ಸರಿಪಡಿಸಲು 2014ರಲ್ಲಿ ತಿಂಗಳುಗಟ್ಟಲೆ ಕೆಲಸ ಹಿಡಿಯಿತು.

ಮರೀ ಲವೋ ತೀರಿಕೊಂಡದ್ದು 1881ರಲ್ಲಿ. ಗೋರಿ ಅವಳ ಸಂಗಾತಿಯ ಗ್ಲಾಪಿಯಾನ್ ಕುಟುಂಬದ್ದು. ಅದರ ಮೇಲೆ ಮೂರು ಎಕ್ಸ್ (X) ಗುರುತು ಗೀಚಿ ಹರಕೆ ಹೇಳಿಕೊಂಡರೆ ನೆರವೇರುತ್ತದೆಂಬ ಕತೆಯನ್ನು ನಂಬಿ ಜನ ಇಟ್ಟಿಗೆಯ ಚೂರಿನಿಂದ ಗೀಚುತ್ತಿದ್ದರು. ಪ್ರತಿ ಗೆರೆಯೂ ಗಾರೆಯನ್ನು ಸೀಳಿ ಮಳೆನೀರಿಗೆ ದಾರಿ ಮಾಡಿಕೊಟ್ಟಿತು. ಅವಳ ಮೇಲೆ ನಿಜವಾದ ಭಕ್ತಿ ಇರುವವರು ಹಾಗೆ ಗೀಚುವುದನ್ನು ಒಪ್ಪುವುದಿಲ್ಲ. ಗೋರಿ ಗೀಚುವುದು ಅಪರಾಧವೂ ಹೌದು.

ಕಪ್ಪು ಜನರ ಗೋರಿಗಳು: ಕಸ ಎಂದುಕೊಳ್ಳಬೇಡಿ

ದಕ್ಷಿಣ ಕೆರೊಲಿನಾ, ಜಾರ್ಜಿಯಾದ ಕರಾವಳಿ ಮತ್ತು ದ್ವೀಪಗಳಲ್ಲಿ ಆಫ್ರಿಕದಿಂದ ಹಿಡಿದು ತಂದವರ ಸಂತತಿ ತಮ್ಮದೇ ಪದ್ಧತಿಯಲ್ಲಿ ಹೂಳುತ್ತಾ ಬಂದಿದೆ. ಗೋರಿಯ ಮೇಲೆ ಬಿಳಿ ಶಂಖ, ಚಿಪ್ಪು, ತೀರಿಕೊಂಡವರು ಕೊನೆಗೆ ಬಳಸಿದ ಲೋಟ, ಜಗ್ಗು, ಔಷಧಿ ಬಾಟಲಿ, ದೀಪ, ಸಾವಿನ ಹೊತ್ತಿಗೆ ನಿಲ್ಲಿಸಿದ ಗಡಿಯಾರ ಕಾಣಬಹುದು. ಪಾತ್ರೆಯ ತಳವನ್ನು ಬೇಕೆಂದೇ ಒಡೆದಿರುತ್ತಾರೆ. ಸಾವಿನ ಸರಪಳಿ ಅಲ್ಲಿಗೇ ಮುರಿಯಲಿ, ಮನೆಯ ಇನ್ನೊಬ್ಬರು ಬೆನ್ನಿಗೇ ಹೋಗದಿರಲಿ ಎಂಬುದು ಹಿರಿಯರು ಕೊಟ್ಟ ಕಾರಣ. ಬಿಳಿ ಚಿಪ್ಪು ನೀರಿನಾಚೆಯ ಸತ್ತವರ ಲೋಕದ ಗುರುತು. ಮಧ್ಯ ಆಫ್ರಿಕದ ಕಾಂಗೋ ಜನರ ನಂಬಿಕೆಯಲ್ಲಿ ಇದರ ಬೇರು ಇದೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಮನೆಯ ಎಳೆಯ ಮಗುವನ್ನು ಶವಪೆಟ್ಟಿಗೆಯ ಮೇಲಿಂದ ಕೈಯಿಂದ ಕೈಗೆ ದಾಟಿಸುವುದೂ ಈ ಕರಾವಳಿಯ ಕಪ್ಪು ಜನರ ಗಲ್ಲಾ (Gullah) ಸಮುದಾಯದಲ್ಲಿತ್ತು, ಸತ್ತವರ ಜೀವ ಮಗುವನ್ನು ಹಂಬಲಿಸಿ ಬಂದು ಕಾಡಬಾರದೆಂದು.

ದೊಡ್ಡ ಹಾನಿ ಆಗುವುದು ಒಳ್ಳೆಯ ಮನಸ್ಸಿನವರಿಂದಲೇ. ಸ್ವಚ್ಛತೆಗೆಂದು ಬಂದ ಸ್ವಯಂಸೇವಕರು ಒಡೆದ ಪಿಂಗಾಣಿಯನ್ನು ಕಸದ ಚೀಲಕ್ಕೆ ತುಂಬುತ್ತಾರೆ, ಯುಕ್ಕಾ ಗಿಡವನ್ನು ಕಳೆ ಎಂದು ಕೀಳುತ್ತಾರೆ. ಒಂದು ಮಧ್ಯಾಹ್ನದಲ್ಲಿ ಇಡೀ ಗೋರಿಯ ಗುರುತು ಅಳಿಸಿಹೋಗುತ್ತದೆ. ಇಂಥ ಸ್ಮಶಾನದಲ್ಲಿ ಗಾಜಿನ ಚೂರನ್ನೂ ಎತ್ತಬಾರದು. ಮೇಲಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆ ಟೇಪು ಇಡಿ, ಹಾಗೆಯೇ ಬಿಡಿ. ಹತ್ತಿರದ ಕಪ್ಪು ಜನರ ಚರ್ಚಿನ ಹಿರಿಯರನ್ನು ಕೇಳಿದರೆ ಯಾರ ಗೋರಿ ಎಂಬುದು ಗೊತ್ತಾಗಬಹುದು, ಮರ್ಯಾದೆಯಿಂದ ಕೇಳಿ.

ಅಟ್ಲಾಂಟಾದ ಓಕ್‌ಲ್ಯಾಂಡಿಗೆ ಹೋದವರು ಹೆಸರುವಾಸಿ ಗೋರಿಗಳನ್ನಷ್ಟೇ ನೋಡಿ ತಿರುಗಿಬರಬೇಡಿ. ಬಡವರನ್ನು ಹೂಳಿದ ಖಾಲಿ ಹುಲ್ಲುಹಾಸು, ಕಪ್ಪು ಜನರಿಗೆಂದು ಬೇರೆ ಮಾಡಿದ ಭಾಗ ಎರಡನ್ನೂ ನಡೆದು ನೋಡಿ. ನ್ಯೂ ಆರ್ಲಿಯನ್ಸ್‌ನಲ್ಲಿ ಹೋಲ್ಟ್ ಸ್ಮಶಾನ ಹಾಗೆಯೇ: ನೆಲದಲ್ಲೇ ಹೂಳಿದ ಬಡವರ ಗೋರಿಗಳು, ಕೈಯಾರೆ ಮಾಡಿದ ಮರದ ಗುರುತುಗಳು. ಜಾಝ್ ಸಂಗೀತದ ಮೊದಲಿಗರಲ್ಲಿ ಒಬ್ಬನಾದ ಬಡ್ಡಿ ಬೋಲ್ಡನ್ 1931ರಲ್ಲಿ ಸತ್ತು ಅಲ್ಲೇ ಎಲ್ಲೋ ಇದ್ದಾನೆ, ಖಚಿತ ಜಾಗ ತಿಳಿಯದು.

ಗುಡ್ಡಗಾಡಿನ ಗೋರಿಗಳು

ಟೆನೆಸೀ, ಉತ್ತರ ಕೆರೊಲಿನಾದ ಗುಡ್ಡಗಳಲ್ಲಿ, ಅಲಬಾಮಾ, ಟೆಕ್ಸಸ್‌ಗಳಲ್ಲಿ ಹುಲ್ಲನ್ನು ಪೂರ್ತಿ ಕೆರೆದು, ಬರಿ ಮಣ್ಣನ್ನು ದಿಬ್ಬವಾಗಿ ಏರಿಸಿದ ಗೋರಿಗಳಿವೆ. ಪಾಳುಬಿದ್ದದ್ದು ಎಂದು ಹುಲ್ಲು ಬಿತ್ತಲು ಹೋಗಬೇಡಿ, ಕೆರೆದು ಇಡುವುದೇ ಅಲ್ಲಿ ಗೌರವ. ಟೆನೆಸೀಯ ಕಂಬರ್ಲೆಂಡ್ ಪ್ರಸ್ಥಭೂಮಿಯಲ್ಲಿ ಎರಡು ಮರಳುಗಲ್ಲಿನ ಚಪ್ಪಡಿಗಳನ್ನು ಒಂದಕ್ಕೊಂದು ಒರಗಿಸಿ ಗುಡಿಸಲಿನ ಮಾಡಿನ ಹಾಗೆ ಮುಚ್ಚಿರುತ್ತಾರೆ. ಮಳೆ, ದನ, ಹಂದಿಗಳಿಂದ ಕಾಪಾಡಲು ಎನ್ನುತ್ತಾರೆ. ಅದರ ಮೇಲೆ ಕೂರಬೇಡಿ, ಚಪ್ಪಡಿ ಜಾರಿದರೆ ಕಾಲು ಮುರಿಯುವಷ್ಟು ಭಾರ ಇದೆ. ಮೇ, ಜೂನ್ ಭಾನುವಾರಗಳಲ್ಲಿ ಡೆಕೊರೇಷನ್ ಡೇ ನಡೆಯುತ್ತದೆ: ಕುಟುಂಬಗಳು ಸೇರಿ ಗೋರಿ ಕೆರೆದು, ಹೂವಿಟ್ಟು, ಹಾಡಿ, ಅಲ್ಲೇ ಊಟ ಮಾಡುತ್ತಾರೆ. ಆ ದಿನ ಹೋದರೆ ಕ್ಯಾಮೆರಾ ಹೊರತೆಗೆಯುವ ಮೊದಲು ಕೇಳಿ.

ದೆವ್ವದ ಕತೆಯನ್ನು ಸೋಸುವ ಕ್ರಮ

ಕತೆಯನ್ನು ಕೇಳಿದಂತೆಯೇ ಬರೆದುಕೊಳ್ಳಿ. ಅದರಲ್ಲಿ ಪರೀಕ್ಷಿಸಲು ಬರುವುದನ್ನು ಬೇರೆ ಮಾಡಿ: ಹೆಸರು, ಇಸವಿ, ಸಾವಿನ ಕಾರಣ, ಜಾಗ. ಇವಿಷ್ಟನ್ನು ಕಲ್ಲಿನ ಜೊತೆ ಹೋಲಿಸಿ. ಆಮೇಲೆ ದಾಖಲೆ. ಎಲ್ಲ ಸಾವುಗಳನ್ನು ರಾಜ್ಯವೇ ದಾಖಲಿಸುವ ಪದ್ಧತಿ ವರ್ಜೀನಿಯಾದಲ್ಲಿ ನಿಂತುಹೋಗಿ ಮತ್ತೆ ಶುರುವಾದದ್ದು 1912ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ 1915, ಜಾರ್ಜಿಯಾದಲ್ಲಿ 1919. ಅದಕ್ಕೂ ಹಿಂದಿನದಕ್ಕೆ ಊರಿನ ದಾಖಲೆ, ಚರ್ಚಿನ ಪುಸ್ತಕ, ಪತ್ರಿಕೆ ಹುಡುಕಬೇಕು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕ ತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. ಗುಲಾಮರಾಗಿದ್ದವರನ್ನು ಹುಡುಕುವವರಿಗೆ 1870ರ ಜನಗಣತಿಯೇ ಗಡಿ. 1850, 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣದಂಥ ವಿವರ ಇರುತ್ತದೆ, ಗುಲಾಮರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. 1890ರ ಗಣತಿಯ ಬಹುಪಾಲು ಬೆಂಕಿ ಅವಘಡದಲ್ಲಿ ಹಾಳಾಗಿ ಆಮೇಲೆ ಇಲ್ಲವಾಗಿದೆ, ಅದಕ್ಕೆ ಹೊತ್ತು ಕಳೆಯಬೇಡಿ.

ಇನ್ನು ಬಹಳ ಮುಖ್ಯವಾದ ಹೆಜ್ಜೆ: ಕತೆ ಮೊದಲು ಅಚ್ಚಾದದ್ದು ಯಾವಾಗ? ರಿಚ್ಮಂಡ್‌ನ ಹಾಲಿವುಡ್ ಸ್ಮಶಾನದ ರಕ್ತಪಿಶಾಚಿಯನ್ನೇ ತೆಗೆದುಕೊಳ್ಳಿ. 1925ರ ಅಕ್ಟೋಬರ್ 2ರಂದು ಚರ್ಚ್ ಹಿಲ್ ರೈಲು ಸುರಂಗ ಕುಸಿಯಿತು. ಅವಶೇಷದಿಂದ ಚರ್ಮ ಜೋತಾಡುವ, ಹಲ್ಲು ಚೂಪಾದ, ರಕ್ತ ಸುರಿಸುವ ಆಕೃತಿಯೊಂದು ಎದ್ದು ಓಡಿ ಡಬ್ಲ್ಯೂ. ಡಬ್ಲ್ಯೂ. ಪೂಲ್ ಎಂಬ ಗೋರಿಯೊಳಗೆ ಮಾಯವಾಯಿತು ಎನ್ನುತ್ತಾರೆ. ಸುರಂಗ ಕುಸಿದದ್ದು ನಿಜ. ಕಲ್ಲಿದ್ದಲು ಹಾಕುತ್ತಿದ್ದ 28 ವರ್ಷದ ಕೆಲಸಗಾರನೊಬ್ಬ ಬಾಯ್ಲರ್ ಒಡೆದು ಮೈಯೆಲ್ಲ ಬೆಂದು, ಹಲ್ಲು ಮುರಿದು, ಸುರಂಗದಿಂದ ತಾನಾಗಿ ಹೊರಬಂದು ಆಸ್ಪತ್ರೆಯಲ್ಲಿ ಸತ್ತದ್ದೂ ನಿಜ. ಪೂಲ್ 1922ರಲ್ಲಿ ತೀರಿಕೊಂಡ ಲೆಕ್ಕಪತ್ರದ ನೌಕರ. ಗೋರಿಯ ಬಾಗಿಲ ಮೇಲಿನ 1913 ಅದನ್ನು ಕಟ್ಟಿಸಿದ ವರ್ಷ. ಹುಟ್ಟು ಸಾವಿನ ದಿನಾಂಕ ಹೊರಗೆ ಬರೆದಿಲ್ಲ ಎಂಬುದೂ ಆ ಗೋರಿ ಪಿಶಾಚಿಯ ಮನೆಯಾಗಲು ಒಂದು ಕಾರಣ. ಸುರಂಗ ಇರುವುದು ಊರಿನ ಪೂರ್ವಕ್ಕೆ, ಸ್ಮಶಾನ ಪಶ್ಚಿಮಕ್ಕೆ. ಗೋರಿಯ ಪಿಶಾಚಿ 1970ರ ದಶಕದಲ್ಲಿ ವಿದ್ಯಾರ್ಥಿ ಪತ್ರಿಕೆಯಲ್ಲಿ ಬಂತು, ಸುರಂಗ ಅದಕ್ಕೆ ಅಂಟಿದ್ದು ಅದಕ್ಕೂ ಬಹಳ ತಡವಾಗಿ. ಸುಟ್ಟ ಮೈಯಲ್ಲಿ ನಡೆದುಬಂದ ಕೆಲಸಗಾರನನ್ನು ಪಿಶಾಚಿ ಮಾಡಿರುವುದು ಈ ಕತೆಯ ನಿಜವಾದ ನೋವು.

ಕೆಲವು ಕತೆಗಳಿಗೆ ಬೆಳಕೇ ಉತ್ತರ. ಮಿಸಿಸಿಪ್ಪಿಯ ನ್ಯಾಚೆಜ್ ಸ್ಮಶಾನದಲ್ಲಿ "ತಿರುಗುವ ದೇವದೂತೆ" ಇದ್ದಾಳೆ. ರಾತ್ರಿ ಕಾರು ಹಾದುಹೋದಾಗ ಪ್ರತಿಮೆ ತಿರುಗಿದಂತೆ ಕಾಣುತ್ತದೆ. ದೀಪ ಸರಿದಂತೆ ಮುಖದ, ರೆಕ್ಕೆಯ ನೆರಳು ಸರಿಯುತ್ತದೆ, ಅಷ್ಟೇ. ಆ ಪ್ರತಿಮೆಯ ಬುಡದಲ್ಲಿರುವುದು 1908ರ ಮಾರ್ಚ್ 14ರಂದು ಔಷಧಿ ಕಂಪನಿಯ ಕಟ್ಟಡ ಸ್ಫೋಟಗೊಂಡು ಸತ್ತ ಕೆಲಸದ ಹುಡುಗಿಯರ ಗೋರಿಗಳು. ಅವರ ವಯಸ್ಸು ಓದಿ. ನ್ಯೂ ಆರ್ಲಿಯನ್ಸ್‌ನ ಮೆಟೆರಿ ಸ್ಮಶಾನದಲ್ಲಿ ವೇಶ್ಯಾಗೃಹದ ಒಡತಿ ಜೋಸಿ ಆರ್ಲಿಂಗ್ಟನ್‌ಗೆಂದು ಕಟ್ಟಿದ ಗೋರಿ ರಾತ್ರಿ ಕೆಂಪಗೆ ಉರಿಯುತ್ತದೆಂಬ ಮಾತೂ ಹೀಗೆಯೇ. ನುಣುಪಾದ ಗ್ರಾನೈಟಿನ ಮೇಲೆ ರಸ್ತೆಯ ಕೆಂಪು ದೀಪ ಬಿದ್ದದ್ದು.

ಬೊನಾವೆಂಚರಿನ ಗ್ರೇಸಿ ವಾಟ್ಸನ್ 1889ರಲ್ಲಿ ಆರು ವರ್ಷಕ್ಕೆ ನ್ಯುಮೋನಿಯಾದಿಂದ ತೀರಿಕೊಂಡ ಹೋಟೆಲಿನವರ ಮಗಳು. ಜಾನ್ ವಾಲ್ಜ್ ಫೋಟೋ ನೋಡಿ ಕೆತ್ತಿದ ಅವಳ ಪ್ರತಿಮೆ ರಕ್ತದ ಕಣ್ಣೀರು ಹಾಕುತ್ತದೆ ಎನ್ನುತ್ತಾರೆ, ಇಟ್ಟ ಆಟಿಕೆ ತೆಗೆದರೆ. ಅಮೃತಶಿಲೆಯ ಗುಳಿಗಳಲ್ಲಿ ಕೊಳೆ ನಿಂತು ಮಳೆಗೆ ಕೆಳಗೆ ಗೆರೆಯಾಗಿ ಇಳಿಯುವುದು ಯಾವ ಪ್ರತಿಮೆಯಲ್ಲೂ ಕಾಣುತ್ತದೆ. ಜನ ಮುಟ್ಟಿ ಮುಟ್ಟಿ ಈಗ ಸುತ್ತ ಕಬ್ಬಿಣದ ಬೇಲಿ ಇದೆ. ಹೊಸ ಆಟಿಕೆ ಒಯ್ಯಬೇಡಿ, ಬೇಲಿಯಿಂದ ಕೈಚಾಚಬೇಡಿ.

ಸವಾನಾದ ಕಲೋನಿಯಲ್ ಪಾರ್ಕಿನಲ್ಲಿ ಹೇಳುವ ರೋಂಡೋಲಿಯರ್ ಎಂಬ ದೈತ್ಯ ಕೊಲೆಗಾರನ ಕತೆಗೆ ಮಾತ್ರ ಯಾವ ದಾಖಲೆಯೂ ಇಲ್ಲ, ಅಂಥವನೊಬ್ಬ ಬದುಕಿದ್ದನೆಂಬುದಕ್ಕೂ. ಹಾಗಿರುವಾಗ ನೋಟ್‌ಬುಕ್ಕಿನಲ್ಲಿ "ದಾಖಲೆ ಇಲ್ಲ" ಎಂದು ಬರೆದು ಮುಂದೆ ಹೋಗಿ. ಅದೇ ಸ್ಮಶಾನದಲ್ಲಿ 1820ರ ಹಳದಿ ಜ್ವರಕ್ಕೆ ಸತ್ತ ಸುಮಾರು 700 ಜನರ ನೆನಪಿನ ಫಲಕ ಇದೆ. ಅಲ್ಲಿ ಒಂದಷ್ಟು ಹೊತ್ತು ನಿಲ್ಲಿ. ಕೆಲವು ಸಲ ನಿಜವೇ ಕತೆಯನ್ನು ಮೀರುತ್ತದೆ. ನ್ಯಾಚೆಜ್‌ನ ಫ್ಲಾರೆನ್ಸ್ ಫೋರ್ಡ್ 1871ರಲ್ಲಿ ಹತ್ತು ವರ್ಷಕ್ಕೆ ತೀರಿಕೊಂಡಳು. ಗುಡುಗಿಗೆ ಹೆದರುತ್ತಿದ್ದ ಮಗುವೆಂದು ತಾಯಿ ಗೋರಿಯ ತಲೆಯ ಕಡೆ ಮೆಟ್ಟಿಲು ಇಳಿಸಿ, ಪೆಟ್ಟಿಗೆಯ ಮಟ್ಟದಲ್ಲಿ ಗಾಜು ಇರಿಸಿದಳು. ಬಿರುಗಾಳಿ ಬಂದಾಗ ಅಲ್ಲಿ ಇಳಿದು ಕೂರುತ್ತಿದ್ದಳು. ಗಾಜಿನ ಜಾಗಕ್ಕೆ ಆಮೇಲೆ ಕಾಂಕ್ರೀಟು ಬಂದಿದೆ. ಮೆಟ್ಟಿಲು ಈಗಲೂ ಇದೆ.

ಫೋಟೋದಲ್ಲಿ ದೆವ್ವ ಬಿದ್ದರೆ

ಬಿಳಿ ಗೋಲಗಳು ಲೆನ್ಸಿನ ಹತ್ತಿರ ಇರುವ ಧೂಳು, ಮಂಜಿನ ಹನಿಗೆ ಫ್ಲ್ಯಾಶ್ ಬಡಿದು ಆದವು. ಫ್ಲ್ಯಾಶ್ ಆರಿಸಿ ಮತ್ತೆ ತೆಗೆದರೆ ಇರುವುದಿಲ್ಲ. ಫೋನಿನ ರಾತ್ರಿ ಮೋಡ್ ಹಲವು ಚಿತ್ರ ಸೇರಿಸಿ ಒಂದು ಮಾಡುತ್ತದೆ, ನಡುವೆ ಯಾರಾದರೂ ದಾಟಿದರೆ ಪಾರದರ್ಶಕ ಆಕೃತಿ ಬರುತ್ತದೆ. ಒಂದೇ ಜಾಗದಿಂದ ಮೂರು ಚಿತ್ರ ತೆಗೆಯಿರಿ. ಒಂದರಲ್ಲಿ ಮಾತ್ರ ಇದ್ದದ್ದು ಕ್ಯಾಮೆರಾದ್ದು. ಹೆಂಗಸು ಕಿರುಚಿದಂತೆ ಕೇಳಿಸಿದರೆ ಗೂಬೆಯನ್ನು ಮೊದಲು ನೆನೆಯಿರಿ, ಬಾರ್ಡ್ ಗೂಬೆಯ ಕೂಗು ಹಾಗೆಯೇ ಇರುತ್ತದೆ.

ಕಲ್ಲು ತೊಳೆಯಬೇಕೆಂದಿದ್ದರೆ

ಸ್ಮಶಾನ ನೋಡಿಕೊಳ್ಳುವವರ ಅಥವಾ ಕುಟುಂಬದವರ ಒಪ್ಪಿಗೆ ಇಲ್ಲದೆ ತೊಳೆಯಬೇಡಿ. ಮೊದಲು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಕಲ್ಲಿನಲ್ಲಿ ಟೊಳ್ಳು ಸದ್ದು ಬಂದರೆ, ಬಿರುಕಿದ್ದರೆ, ಮುಟ್ಟಿದಾಗ ಸಕ್ಕರೆಯಂತೆ ಉದುರಿದರೆ ಅಲ್ಲಿಗೇ ಬಿಡಿ. ವಾಲಿದ ಕಲ್ಲಿನ ಕೆಳಗೆ ಕೂರಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಗಟ್ಟಿಯಾಗಿದ್ದರೆ ಈ ಕ್ರಮ:

1. ಹವೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ದಿನ ಬೇಡ. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ.
2. ಸಣ್ಣ ಕಲ್ಲಿಗೂ 10 ಲೀಟರ್ ಶುದ್ಧ ನೀರು ಇಟ್ಟುಕೊಳ್ಳಿ. ಪೂರ್ತಿ ನೆನೆಸಿ, ಕೆಲಸ ಮುಗಿಯುವವರೆಗೆ ಒಣಗಲು ಬಿಡಬೇಡಿ.
3. ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣ ಭಾಗದ ಮೇಲೆ ಇಳಿದು ಗೆರೆ ಕೂರುತ್ತದೆ.
4. ಕಲ್ಲುಹೂವು ಗಟ್ಟಿಯಾಗಿ ಅಂಟಿದ್ದರೆ ಇನ್ನಷ್ಟು ನೆನೆಸಿ ಮರದ ಅಥವಾ ಪ್ಲಾಸ್ಟಿಕ್ ಚಮಚದಿಂದ ಎಬ್ಬಿಸಿ. ತಂತಿ ಬ್ರಷ್ಷು, ಚಾಕು ಬೇಡ.
5. ಸಾಲದಿದ್ದರೆ ಡಿ/2 ಎಂಬ ದ್ರಾವಣ ಸಿಂಪಡಿಸಿ 10ರಿಂದ 15 ನಿಮಿಷ ಬಿಟ್ಟು, ಮತ್ತೆ ಉಜ್ಜಿ, ಚೆನ್ನಾಗಿ ತೊಳೆಯಿರಿ.

ಡಿ/2 ಹಾಕಿದ ಮರುದಿನ ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಸಾಯುತ್ತಿರುವ ಪಾಚಿಯ ಬಣ್ಣ ಅದು, ಮಳೆಗೆ ವಾರಗಳಲ್ಲಿ ಹೋಗುತ್ತದೆ. ಹೆದರಿ ಮತ್ತೆ ಉಜ್ಜಬೇಡಿ. ಬ್ಲೀಚು ಕಲ್ಲಿನೊಳಗೆ ಲವಣ ಬಿಟ್ಟು ವರ್ಷಗಳ ಮೇಲೆ ಮೈ ಉದುರಿಸುತ್ತದೆ. ಒತ್ತಡದ ನೀರಿನ ಯಂತ್ರ ಅಕ್ಷರವನ್ನೇ ಕೆರೆದುಹಾಕುತ್ತದೆ. ಲೂಸಿಯಾನಾದ ನ್ಯಾಕಿಟೋಶ್ ಊರಿನಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಸಂರಕ್ಷಣಾ ಕೇಂದ್ರವಿದೆ. ಗೋರಿಕಲ್ಲು ತೊಳೆಯುವ ದ್ರಾವಣಗಳನ್ನು ಅವರು ಪರೀಕ್ಷಿಸಿ ಉಚಿತವಾಗಿ ಸಲಹೆ ಪ್ರಕಟಿಸುತ್ತಾರೆ. ಮುರಿದ ಕಲ್ಲು ಜೋಡಿಸುವ ಕೆಲಸ ತರಬೇತಿ ಪಡೆದವರದು.

ದಾಖಲೆಯಲ್ಲಿಲ್ಲದ ಗೋರಿಗಳು ಸಿಕ್ಕಿದರೆ ಅಗೆಯಬೇಡಿ, ಕಬ್ಬಿಣದ ಸಲಾಕೆ ಚುಚ್ಚಿ ನೋಡಬೇಡಿ. ಫೋನಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಗುರುತಿಸಿ, ತಗ್ಗುಗಳ ಎಣಿಕೆ, ದಿಕ್ಕು, ಗಿಡಗಳು, ಹೊಲದ ಕಲ್ಲುಗಳನ್ನು ಬರೆದು ರಾಜ್ಯದ ಪುರಾತತ್ತ್ವ ಅಧಿಕಾರಿಗೆ ಮತ್ತು ಜಮೀನಿನವರಿಗೆ ಕಳಿಸಿ. ಹೆಸರು ಓದಲು ಬಂದ ಕಲ್ಲುಗಳನ್ನು ಫೈಂಡ್ ಎ ಗ್ರೇವ್ ತಾಣಕ್ಕೆ ಸೇರಿಸುವಾಗ ಕಲ್ಲಿನಲ್ಲಿ ಇದ್ದಂತೆಯೇ ಕಾಗುಣಿತ ಬರೆಯಿರಿ, ತಿದ್ದಬೇಡಿ. ಓದಲಾಗದ ಅಕ್ಷರಕ್ಕೆ ಚುಕ್ಕೆ ಇಡಿ. ಕಾಡಿನೊಳಗಿನ ಒಂಟಿ ಗೋರಿಯ ನಿಖರ ಜಾಗವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ, ಒಡವೆ ಹುಡುಕಿ ಅಗೆಯುವವರು ಅದನ್ನೂ ನೋಡುತ್ತಾರೆ.